ಕಾರ್ಬನ್ ಪ್ರತಿ

ರಿಬಂದರಿನ ಶಾಲೆ, ಐದನೇ ಸುತ್ತು, ಹದಿನೇಳನೇ ಮೇಜು.
ಗೋಡೆಗೆ ಅಂಟಿಸಿದ ಹಾಳೆಯಲ್ಲಿ ನನ್ನ ಹೆಸರಿನ ಒತ್ತು ಬಿದ್ದುಹೋಗಿತ್ತು:
ಗದಿಗೆಪ ಕಳಸದ, ಬಿಳಿ.
ಎದುರಿಗೆ, ಕರಿ: ಎರ್ಮೆಲಿಂದಾ ಫುರ್ತಾದೊ, ದಿವಾಡಿ ದ್ವೀಪದವರು.
ಅರವತ್ತೊಂಬತ್ತರ ಹೆಂಗಸು. ಚೀಲದಿಂದ ತೆಗೆದಿಟ್ಟರು
ಕನ್ನಡಕ, ಇನ್ನೊಂದು ಕನ್ನಡಕ,
ಅರ್ಧ ಸುಲಿದ ಮೂಸಂಬಿ.

ಗೆದ್ದೆ ಅಂದುಕೊಂಡೇ ಕೂತೆ.
ರಾತ್ರಿ ಹತ್ತಕ್ಕೆ ವಾಸ್ಕೋ ಬಂದರಿನಲ್ಲಿ ಪಾಳಿ,
ಹಡಗಿನಿಂದ ಇಳಿಯೋ ಕಲ್ಲಿದ್ದಲಿಗೆ ಗೀಟು ಹಾಕಿ ಲೆಕ್ಕ ಇಡೋ ಕೆಲಸ;
ಆರರ ಬಸ್ಸು ಸಿಕ್ಕರೆ ಒಂದು ಗಂಟೆ ನಿದ್ದೆ.
ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನೂಕಿ
ಗಡಿಯಾರದ ನೆತ್ತಿಗೆ ಬಡಿದೆ.

ಅವರು ತಡಮಾಡಿ, ಮಂತ್ರಿಯ ಪಕ್ಕದವನನ್ನು, ಒಂದೇ ಮನೆ.
ಕದ ತೆಗೆಯೋ ಮೊದಲು
ಒಳಗಿಂದ ಯಾರು ಅಂತ ಕೇಳಿದ ಹಾಗೆ.

ಹಳೇ ರಕ್ಷಣೆ. ಓದಿಕೊಂಡವರು ಕ್ಲಾಸಿಕಲ್ ಅನ್ನುತ್ತಾರೆ.
ನಮ್ಮ ಕ್ಲಬ್ಬಿನ ಹುಡುಗರು ಪಿಂಚಣಿ ಅನ್ನುತ್ತಾರೆ.

ಕದ ಹಾಕಿಕೊಳ್ಳುವ ಮೊದಲೇ ಅವರ ಒಂಟೆ ಅಂಗಳಕ್ಕೆ ಬಂದಿತ್ತು.
ಕುದುರೆಯಿಂದ ಗದರಿಸಿದೆ, ಒಂದು ಹೆಜ್ಜೆ ಸರಿಯಿತು.
ಅಂಚಿನ ಕಾಲಾಳನ್ನು ಅಟ್ಟಿದೆ, ಅವರೊಂದು ಕಿಂಡಿ ತೆರೆದರು.
ಮತ್ತೆ ಅಟ್ಟಿದೆ. ಒಂಟೆ ಕಿಂಡಿಯಲ್ಲಿ ನುಸುಳಿ
ಮೂಲೆ ಹಿಡಿದು ಕೂತಿತು, ಬೇಜಾರಿಲ್ಲದೆ.
ಗಡಿ ದಾಟಿ ನಿಂತಿದ್ದ ನನ್ನವನು.
ಇಡೀ ಹಾಲ್‌ನಲ್ಲಿ ಅಷ್ಟು ಮುಂದೆ ಹೋದವರು
ಬೇರೆ ಯಾರೂ ಇಲ್ಲ ಅನ್ನಿಸಿತು.

ನಡೆಗಳನ್ನು ನಾನು ಕನ್ನಡದಲ್ಲೇ ಬರೆಯೋದು: ಕು, ಒಂ, ಆ, ಮಂ.
ತೀರ್ಪುಗಾರ ಹುಡುಗ ಬಗ್ಗಿ ನೋಡಿ, ಇದೇನು ಅಂದ.
ಕುದುರೆ, ಅಂದೆ.
ನಿಯಮದ ಪುಸ್ತಕ ತಿರುವಿ ಹಾಕಿ, ಇರಲಿ ಅಂದ.
ಬಾಯಿ ತಲೆ ಎತ್ತದೆ ನಕ್ಕರು.

ಒಂಟೆಗೆ ಒಂಟೆ, ಮಂತ್ರಿಗೆ ಮಂತ್ರಿ, ಆನೆಗೆ ಆನೆ;
ಸಂತೆ ಕಳೆದ ಬಯಲಾಯಿತು ಹಲಗೆ.
ಆರರ ಬಸ್ಸು ಹೋಯಿತು.
ಉಳಿದದ್ದು ಕುದುರೆ ಎರಡು, ರಾಜರಿಬ್ಬರು, ಚೂರುಪಾರು ಮಂದಿ,
ಮತ್ತೆ ಅಲ್ಲಿ, ಅಷ್ಟು ದೂರ, ಮೊದಲು ಓಡಿದವನು.
ಮುಂದೆ ಅವರ ಕಾಲಾಳಿನ ಎದೆ. ಪಕ್ಕದಲ್ಲಿ ಯಾರೂ ಇಲ್ಲ.
ಕರೆದರೆ ಹಿಂದೆ ಬರೋ ಜಾತಿಯಲ್ಲ ಕಾಲಾಳು.

ಎಲ್ಲರನ್ನೂ ಬಿಟ್ಟು ಅವನ ಕಡೆಗೇ ಕುದುರೆ ತಿರುಗಿಸಿದರು.
ನಾನು ರಾಜನನ್ನೇ ಕಳಿಸಿದೆ. ಒಂದು ಮನೆ ತಡವಾಯಿತು.

ಐವತ್ತೆಂಟನೇ ನಡೆಗೆ ಕೈ ಚಾಚಿದೆ.
ಅವರ ಬೆರಳಿಗೆ ಮೂಸಂಬಿಯ ವಾಸನೆ.

ಹೊರಗೆ, ಕಟ್ಟೆಯ ಮೇಲೆ, ಹಿಂದಿಗೆ ಕೊಂಕಣಿ ಬೆರೆಸಿ ಹೇಳಿದರು:
ಪಣಜಿಯ ತಂತಿ ಕಚೇರಿಯಲ್ಲಿ ಮೂವತ್ತೊಂದು ವರ್ಷ.
ದಿನವಿಡೀ ಊರವರ ಅವಸರವನ್ನೆಲ್ಲ ಕುಟ್ಟಿ ಕುಟ್ಟಿ ಕಳಿಸಿ
ಸಂಜೆ ಅಂಚೆ ಕಾರ್ಡಿನಲ್ಲಿ ಆಟ, ಮುಖ ಕಾಣದವರ ಜೊತೆ.
ನಡೆಗೆ ಹದಿನೈದು ದಿನ, ಆಟಕ್ಕೆ ಎರಡು ವರ್ಷ.
ನಾಗಪುರದ ಒಬ್ಬನಿಂದ ಮಾತ್ರ ಉತ್ತರ ಬರಲಿಲ್ಲ.
ಇನ್ನೂ ಅವನದೇ ಸರದಿ.

ಹಲಗೆ ಹಾಗೇ ಇಟ್ಟಿದ್ದೀರಾ?
ಧೂಳು ಒರೆಸುತ್ತೇನೆ, ಅಂದರು.

ಆಮೇಲೆ ನನ್ನ ಅಂಚಿನ ಕಾಲಾಳನ್ನು ಎತ್ತಿ
ಹೊರಟ ಮನೆಯಲ್ಲೇ ತಂದಿಟ್ಟು ಕೇಳಿದರು:
ಇವನು ಇಲ್ಲೇ ಇದ್ದಿದ್ದರೆ?
ನೋಡಿದೆ. ಇದ್ದಿದ್ದರೆ, ಸಮ. ಬಹುಶಃ.

ಫೆರಿ ಹೊರಟಾಗ ಅವರು ಕೈ ಬೀಸಲಿಲ್ಲ,
ಎರಡನೇ ಕನ್ನಡಕ ಹುಡುಕುತ್ತಿದ್ದರು.

ಮೇಲಿನ ಹಾಳೆ ತೀರ್ಪುಗಾರನಿಗೆ, ಕಾರ್ಬನ್ ಪ್ರತಿ ಆಡಿದವನಿಗೆ.
ರಾತ್ರಿ ಮೂರಕ್ಕೆ, ಕ್ರೇನು ನಿಂತಾಗ, ಜೇಬಿನಿಂದ ತೆಗೆದೆ.
ಬೆವರಿಗೆ ನೀಲಿ ಕದಡಿ, ಕಲ್ಲಿದ್ದಲ ಪುಡಿ ಮೆತ್ತಿ
ಕು ಯಾವುದು, ಒಂ ಯಾವುದು, ಒಂದೂ ತಿಳಿಯದು.
ಎಂಟನೇ ನಡೆ ಮಾತ್ರ ಇನ್ನೂ ಓದಬಹುದು.
ಅಂಚಿನವನು ಗಡಿ ದಾಟಿದ್ದು.
ಖುಷಿಗೆ ಪೆನ್ನು ಒತ್ತಿ ಬರೆದಿದ್ದೆ.